ಮರ್ಯಾದೆಯ ಎರಡಿಂಚು

ಆ ಬೀದಿಯ ಗಂಡಸರೆಲ್ಲ ತಮ್ಮ ನಿಜವಾದ ಸೊಂಟಕ್ಕಿಂತ ಎರಡಿಂಚು ತೆಳ್ಳಗಿದ್ದರು. ಹಾಗೆಂದು ಅವರು ಮನಸಾರೆ ನಂಬಿದ್ದರು, ನಂಬಿಸಿದವನು ಟೈಲರ್. ಬೇಕರಿಗೂ ಬೀಗ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಅವನ ಅಂಗಡಿಯಲ್ಲಿ ಎರಡು ಹೊಲಿಗೆ ಮೆಷಿನ್ನು, ಒಂದು ಕಟಿಂಗ್ ಟೇಬಲ್ಲು, ಟ್ರಯಲ್ ನೋಡುವವರಿಗೆ ಒಂದು ಹಸಿರು ಪರದೆ, ಒಂದು ನಿಲುವುಗನ್ನಡಿ, ಅಷ್ಟೇ ಇದ್ದದ್ದು. ಆದರೂ ಮುಖ ಗಂಟಿಕ್ಕಿಕೊಂಡು ಒಳಗೆ ಹೋದವರು ಹಲ್ಲು ಬಿಟ್ಟುಕೊಂಡು ಹೊರಗೆ ಬರುತ್ತಿದ್ದರು.

ಗುಟ್ಟು ಇದು. ಟೈಲರ್ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತುತ್ತಿದ್ದ. ಮೂವತ್ತೆಂಟು ಬಂದರೆ ಬೀದಿಗೆಲ್ಲ ಕೇಳುವ ಹಾಗೆ "ಸೊಂಟ ಮೂವತ್ತಾರು!" ಎಂದು ಕೂಗುತ್ತಿದ್ದ. ಕಟಿಂಗ್ ಟೇಬಲ್ಲಿನ ಹಿಂದೆ ನಿಂತಿರುತ್ತಿದ್ದ ಅವನ ಹೆಂಡತಿ ಮನಸ್ಸಿನಲ್ಲೇ ಎರಡು ಕೂಡಿಸಿ, ಬಟ್ಟೆಯ ಮೇಲೆ ಮೂವತ್ತೆಂಟಕ್ಕೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿ ಆಡಿಸುತ್ತಿದ್ದಳು. ಪ್ಯಾಂಟು ಮೈಗೆ ಹೇಳಿ ಮಾಡಿಸಿದಂತೆ ಕೂರುತ್ತಿತ್ತು, ಗಿರಾಕಿಯ ಮನಸ್ಸಿಗೆ ಮೂವತ್ತಾರೇ ಕೂರುತ್ತಿತ್ತು. ಇದನ್ನು ಶುರು ಮಾಡಿದವರು ಟೈಲರ್‌ನ ಅಪ್ಪ. ಮನೆಮಾತಿನಲ್ಲಿ ಇದಕ್ಕೆ 'ಮರ್ಯಾದೆ' ಎಂದು ಹೆಸರು. "ಮರ್ಯಾದೆ ಹಾಕಿದ್ಯೇನೇ?" ಎಂದು ಟೈಲರ್ ಕೇಳುತ್ತಿದ್ದ, "ಹಾಕಿದೀನಿ ರೀ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಅದೇನೋ ಒಳಮಡಿಕೆಯ ಬಟ್ಟೆಯ ಮಾತಿರಬೇಕು ಎಂದು ಗಿರಾಕಿಗಳು ಸುಮ್ಮನಿರುತ್ತಿದ್ದರು.

ಪಕ್ಕದ ಬೀದಿಯ ಶಾಲೆಯ ಹೆಡ್‌ಮಾಸ್ಟರು ವರ್ಷಾನುಗಟ್ಟಲೆ ಮೂವತ್ತೆಂಟರಲ್ಲೇ ನಿಂತುಬಿಟ್ಟಿದ್ದರು. "ಏನು ಸಾರ್, ವಯಸ್ಸು ನಿಮ್ಮನ್ನ ಮುಟ್ಟೋದೇ ಇಲ್ಲವಲ್ಲ!" ಎಂದು ಟೈಲರ್ ಬೆರಗಾದರೆ, ಅವರು ಕನ್ನಡಿಯಲ್ಲಿ ಮಗ್ಗುಲು ತಿರುಗಿ ನೋಡಿಕೊಂಡು "ಎಲ್ಲಾ ಶಿಸ್ತಿನ ಮಹಿಮೆ" ಎನ್ನುತ್ತಿದ್ದರು.

ಟೈಲರ್ ದುಂಡಗಿನ ಮನುಷ್ಯ. ದುಂಡಗಿದ್ದರೂ ಚುರುಕು, ಮಾತು ಅದಕ್ಕಿಂತ ಚುರುಕು. ಅವನ ಅಂಗಡಿಗೂ ಬೇಕರಿಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿಯಿತ್ತು. ಬೇಕರಿ ಅವನ ಹೆಂಡತಿಯ ಅಣ್ಣನದು. ಬೀದಿಯವರ ಬಾಯಲ್ಲಿ ಅವನು ಬೇಕರಿ ಭಾವ. ಇವನು ಅವನನ್ನು ಭಾವ ಎನ್ನುತ್ತಿದ್ದ, ಅವನೂ ಇವನನ್ನು ಭಾವ ಎನ್ನುತ್ತಿದ್ದ, ಹೊಸಬರಿಗೆ ಯಾರು ಯಾರ ಭಾವನೋ ತಿಳಿಯದೆ ತಲೆ ಕೆಡುತ್ತಿತ್ತು. ಒಲೆಯಿಂದ ಬಿಸಿ ತಟ್ಟೆ ಇಳಿದ ಕೂಡಲೇ ಕಿಂಡಿಯಲ್ಲಿ ಠಣ್ ಠಣ್ ಎಂದು ಸದ್ದಾಗುತ್ತಿತ್ತು. ಒಂದು ಕ್ರೀಮ್ ಬನ್ನು ಈಚೆ ಬರುತ್ತಿತ್ತು. ಕೆಲವೊಮ್ಮೆ ಜೊತೆಗೆ ಇನ್ನೊಂದು ಬರುತ್ತಿತ್ತು, ಮೊದಲನೆಯದಕ್ಕೆ ಬೇಜಾರಾಗಬಾರದಲ್ಲ.

ಹೀಗೆ ಸುಖವಾಗಿದ್ದ ಕಾಲಕ್ಕೆ ಒಂದು ದಿನ ಹಳೆಯ ಕಬ್ಬಿಣದ ಮೆಷಿನ್ನನ್ನು ಸರಿಸಲು ಹೋಗಿ ಟೈಲರ್‌ನ ಪಕ್ಕೆ ಹಿಡಿದುಕೊಂಡಿತು. ನೋವು ಇಳಿಯಲಿಲ್ಲ. ಕಿಡ್ನಿಯಲ್ಲಿ ಕಲ್ಲಿರಬಹುದು ಎಂದು ಬೀಗ ರಿಪೇರಿಯವನು ಹೆದರಿಸಿದ. ಹೆಂಡತಿ ಹಟ ಹಿಡಿದು ಸ್ಕ್ಯಾನಿಂಗಿಗೆ ಅಟ್ಟಿದಳು. ಸ್ಕ್ಯಾನ್ ಮಾಡಿದವರು "ಕಲ್ಲೇನೂ ಕಾಣ್ತಿಲ್ಲ, ಆದರೆ..." ಎಂದರು. ಟೈಲರ್ 'ಆದರೆ' ಕೇಳಿಸಿಕೊಳ್ಳಲು ಅಲ್ಲಿ ಉಳಿದಿದ್ದರೆ ತಾನೆ! ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬೀದಿಗಿಳಿದು, ಸಿಕ್ಕಸಿಕ್ಕವರಿಗೆಲ್ಲ "ಕಲ್ಲಿಲ್ಲ! ಕಲ್ಲಿಲ್ಲ!" ಎಂದು ಸಾರುತ್ತ ಬಂದ. ಕಿಂಡಿ ಅವತ್ತು ಮುಚ್ಚಲೇ ಇಲ್ಲ.

ಮರುದಿನ ಡಾಕ್ಟರಮ್ಮ ಕರೆಸಿದರು. ಅವರ ಮೇಜಿನ ಮೇಲೆ ರಿಪೋರ್ಟು ಬಿಚ್ಚಿಕೊಂಡು ಬಿದ್ದಿತ್ತು.

"ನಿಮ್ಮ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡಿದೆ" ಎಂದರು.

"ಡಾಕ್ಟರಮ್ಮ, ಅದು ಬೇರೆ ಯಾರದೋ ಇರ್ಬೇಕು. ನಾನು ಕುಡಿಯೋದೇ ಇಲ್ಲ. ಟೀ ಬಿಟ್ರೆ ಇನ್ನೇನೂ ಮುಟ್ಟಿದೋನಲ್ಲ."

"ಕುಡಿಯದೇ ಇರೋರಿಗೂ ಬರುತ್ತೆ. ಟೀಗೆ ಸಕ್ಕರೆ ಎಷ್ಟು ಹಾಕ್ತೀರಿ?"

"ನಾಲಿಗೆಗೆ ಹತ್ತೋವಷ್ಟು."

"ಚಮಚದಲ್ಲೋ ಸೌಟಲ್ಲೋ?"

ಟೈಲರ್ ಜೋರಾಗಿ ನಕ್ಕ. ಡಾಕ್ಟರಮ್ಮ ನಗಲಿಲ್ಲ. "ನೋಡಿ, ನನಗೆ ಚಿಂತೆ ಇರೋದು ಬರೀ ನಿಮ್ಮ ಲಿವರ್ ಬಗ್ಗೆ ಅಲ್ಲ. ನಿಮ್ಮ ಹೃದಯದ ಬಗ್ಗೆ" ಎಂದರು.

"ಇದೊಳ್ಳೆ ಕತೆಯಾಯ್ತು. ಅಂಗಿ ರಿಪೇರಿಗೆ ತಂದ್ರೆ ನೀವು ಪ್ಯಾಂಟಿನ ಮಾತಾಡ್ತಿದೀರಲ್ಲ!"

"ಎರಡೂ ಒಂದೇ ಮೈಮೇಲೆ ತಾನೇ ಇರೋದು?" ಎಂದು ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ದಿನವಿಡೀ ಕೂತಲ್ಲೇ ಕೂರೋದು, ಸಕ್ಕರೆ, ಬನ್ನು, ಹೊಟ್ಟೆ ಸುತ್ತ ಕೊಬ್ಬು. ಮಿಕ್ಕಿದ್ದು ಲಿವರ್‌ಗೆ ಹೋಗಿ ತುಂಬಿಕೊಳ್ಳುತ್ತೆ. ತುಂಬಿಕೊಂಡ ಮೇಲೆ ಅದು ಸುಮ್ಮನಿರಲ್ಲ. ರಕ್ತಕ್ಕೆ ಕೆಟ್ಟ ಕೊಬ್ಬು, ಸಕ್ಕರೆ ಬಿಡ್ತಾ ಹೋಗುತ್ತೆ. ಆ ಕೊಬ್ಬು ಹೃದಯದ ರಕ್ತನಾಳದ ಒಳಗೆ ಮೆತ್ತಿಕೊಳ್ಳುತ್ತೆ. ಬಿಪಿ ಏರುತ್ತೆ. ನಿಮ್ಮದು ಆಗಲೇ ಏರಿದೆ. ಲಿವರ್‌ನಲ್ಲಿ ಹೀಗೆ ಕೊಬ್ಬು ಕೂತವರಲ್ಲಿ ಲಿವರ್ ಕೆಟ್ಟು ಸಾಯೋರಿಗಿಂತ ಹೃದಯ ಕೈಕೊಟ್ಟು ಸಾಯೋರೇ ಜಾಸ್ತಿ. ಇದು ಲಿವರ್ ಕೊಡ್ತಿರೋ ಎಚ್ಚರಿಕೆ ಅಂದ್ಕೊಳ್ಳಿ. ಮನೇಲಿ ಯಾರಿಗಾದ್ರೂ ಹಾರ್ಟ್ ತೊಂದರೆ ಇತ್ತಾ?"

ಟೈಲರ್‌ನ ನಗು ಎಲ್ಲೋ ಜಾರಿ ಬಿದ್ದುಹೋಯಿತು. ಅಪ್ಪ ಹೋದದ್ದು ಮೆಷಿನ್ನಿನ ಮುಂದೆ ಕೂತಿದ್ದಾಗಲೇ. ಒಂದು ಕೋಟಿನ ತೋಳು ಕೂಡಿಸುತ್ತಿದ್ದರು, ಹಾಗೇ ಬಟ್ಟೆಯ ಮೇಲೆ ತಲೆ ಇಟ್ಟರು. ಗುಂಡುಗುಂಡಗೆ ಚೆನ್ನಾಗಿದ್ದರು, ಒಂದು ದಿನ ಮಲಗಿದವರಲ್ಲ, ಹೃದಯ ಮೋಸ ಮಾಡಿತು ಎಂದು ಬಂದವರೆಲ್ಲ ಹೇಳಿದ್ದರು. ಅಪ್ಪನಿಗೆ ಆಗ ಇದ್ದ ವಯಸ್ಸನ್ನು ತಾನು ಬರುವ ವರ್ಷ ಮುಟ್ಟುತ್ತೇನೆ ಎಂಬುದು ಟೈಲರ್‌ಗೆ ಆ ಕುರ್ಚಿಯಲ್ಲಿ ಕೂತಾಗ ಹೊಳೆಯಿತು. ಅವನಿಗೆ ಭಯವಾಯಿತು. ಅಪ್ಪ ಹೋದ ರೀತಿಯನ್ನು ಹೇಳಿದ.

"ನಿಮ್ಮ ತಂದೆಯವರಿಗೆ ಏನಾಗಿತ್ತೋ ನಾನು ಹೇಳೋಕಾಗಲ್ಲ" ಎಂದರು ಡಾಕ್ಟರಮ್ಮ. "ನಿಮ್ಮದು ಹೇಳ್ತೀನಿ. ನಿಮ್ಮದಿನ್ನೂ ಮೊದಲ ಹಂತ. ತೂಕ ಇಳಿಸಿದ್ರೆ ಲಿವರ್ ಕೊಬ್ಬು ಕರಗಿಸಿಕೊಳ್ಳುತ್ತೆ, ಹೃದಯದ ಮೇಲಿನ ಹೊರೆಯೂ ಇಳಿಯುತ್ತೆ. ಮುಖ್ಯವಾಗಿ ಹೊಟ್ಟೆ ಇಳೀಬೇಕು. ಸೊಂಟ ಎಷ್ಟಿದೆ?"

"ನಲವತ್ತು!" ಎಂದ ಟೈಲರ್ ಥಟ್ಟನೆ.

ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದವನ ಮಾತನ್ನು ಯಾವ ಡಾಕ್ಟರು ತಾನೇ ಅನುಮಾನಿಸಿಯಾರು? ನಲವತ್ತು ಎಂದೇ ಬರೆದುಕೊಂಡರು. ಇಲ್ಲಿ ಒಂದು ವಿಷಯ ಹೇಳಬೇಕು. ಟೈಲರ್ ತನ್ನ ಅಳತೆಯನ್ನು ತಾನು ತೆಗೆದುಕೊಂಡವನೇ ಅಲ್ಲ. ತನಗೆ ತಾನೇ ಟೇಪು ಸುತ್ತಿಕೊಂಡರೆ ಹೊಟ್ಟೆ ತಾನಾಗಿ ಒಳಕ್ಕೆ ಸರಿದು ಅಳತೆ ಕೆಡುತ್ತದೆ, ಯಾವ ಟೈಲರೂ ಹಾಗೆ ಮಾಡಬಾರದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರು. ಆದ್ದರಿಂದ ಅವನ ಅಳತೆ ತೆಗೆಯುವವಳು ಹೆಂಡತಿ, ಬಟ್ಟೆ ಕತ್ತರಿಸುವವಳೂ ಅವಳೇ. ಅವಳು "ನಲವತ್ತು" ಎಂದು ಕೂಗುತ್ತಿದ್ದಳು, ಪ್ಯಾಂಟು ಸರಿಯಾಗಿ ಕೂರುತ್ತಿತ್ತು, ಇವನು ನಲವತ್ತು ಎಂದು ನಂಬಿ ಹಾಯಾಗಿದ್ದ. ಬೀದಿಗೆಲ್ಲ ಎರಡಿಂಚು ಮಾಫಿ ಮಾಡಿದ ಮನುಷ್ಯನಿಗೆ ತನಗೂ ಯಾರೋ ಮಾಫಿ ಮಾಡಿರಬಹುದು ಎಂದು ಕನಸಿನಲ್ಲೂ ಅನ್ನಿಸಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಅವಳು ಸಕ್ಕರೆ ಡಬ್ಬಿಯನ್ನು ಅಟ್ಟದ ಮೇಲಿಟ್ಟಳು. ಬೆಳಿಗ್ಗೆ ಬೇಗ ಎಬ್ಬಿಸಿ ವಾಕಿಂಗಿಗೆ ಕಳಿಸಿದಳು. ಟೈಲರ್ ಕೈ ಬೀಸುತ್ತ ಹೊರಟ. ಮೈದಾನದವರೆಗೆ ಹೋಗಬೇಕಿದ್ದ ವಾಕಿಂಗು ದಿನದಿನಕ್ಕೆ ಚಿಕ್ಕದಾಗುತ್ತ ಬೇಕರಿಯ ಹಿಂಬಾಗಿಲಿಗೆ ಬಂದು ನಿಂತಿತು. "ನಡೆದು ಸುಸ್ತಾಗಿದೀರಿ ಭಾವ, ಒಂದು ತಗೊಳ್ಳಿ" ಎನ್ನುತ್ತಿದ್ದ ಬೇಕರಿ ಭಾವ. ಸುಸ್ತಾದವನಿಗೆ ಬೇಡ ಎನ್ನುವ ಶಕ್ತಿ ಎಲ್ಲಿಂದ ಬರಬೇಕು?

ತಿಂಗಳಾಯಿತು. ಡಾಕ್ಟರಮ್ಮನ ಹತ್ತಿರ ಮತ್ತೆ ಹೋಗುವ ಮುಂಚೆ ಸೊಂಟ ಅಳೆದು ನೋಡಬೇಕು. ಅಂಗಡಿ ತುಂಬ ಜನ. ಹೆಡ್‌ಮಾಸ್ಟರು ಟ್ರಯಲಿಗೆ ಬಂದಿದ್ದರು, ಮದುವೆಗೆ ಸೂಟು ಹೊಲಿಸುವವರ ದೊಡ್ಡ ಗುಂಪೇ ಇತ್ತು, ಕಿಂಡಿಯಲ್ಲಿ ಬೇಕರಿ ಭಾವನ ಮುಖ. ಟೈಲರ್‌ನ ಲಿವರಿನ ಸುದ್ದಿ ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಹೆಂಡತಿ ಟೇಪು ಸುತ್ತಿ ನೋಡಿದಳು. ಗಂಡನ ಮುಖ ನೋಡಿದಳು. ಆಮೇಲೆ ಕೂಗಿದಳು:

"ಮೂವತ್ತೆಂಟು!"

ಅಂಗಡಿಯೇ ಕುಣಿದಾಡಿತು. ಹೆಡ್‌ಮಾಸ್ಟರು ಪಿನ್ನು ಚುಚ್ಚಿದ ಅರ್ಧ ಕೋಟಿನಲ್ಲೇ ಬಂದು ತಬ್ಬಿಕೊಂಡರು. "ನೀವೂ ನಾನೂ ಒಂದೇ ಈಗ!" ಎಂದರು. ಕಿಂಡಿಯಿಂದ ಒಂದಿಡೀ ತಟ್ಟೆ ಬನ್ನು ಬಂತು. ಟೈಲರ್‌ಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಲ್ಲರಿಗೂ ಹಂಚಿ, ಉಳಿದದ್ದು ಹಾಳಾಗಬಾರದೆಂದು ತಾನು ಮೂರು ತಿಂದ.

ಈ ಸಲ ಹೆಂಡತಿಯನ್ನೂ ಕರೆದುಕೊಂಡು ಹೋದ, ಹೊಗಳಿಕೆ ಕೇಳಿಸಿಕೊಳ್ಳಲು ಒಂದು ಜೊತೆ ಕಿವಿ ಹೆಚ್ಚಿಗೆ ಇರಲಿ ಎಂದು. ಡಾಕ್ಟರಮ್ಮ ತೂಕ ನೋಡಿದರು, ರಕ್ತದ ರಿಪೋರ್ಟು ನೋಡಿದರು, ಹುಬ್ಬು ಗಂಟಿಕ್ಕಿದರು.

"ತೂಕ ಜಾಸ್ತಿಯಾಗಿದೆಯಲ್ಲ?"

"ಎಲುಬಿಗೆ ಬಲ ಬಂದಿರ್ಬೇಕು. ಸೊಂಟ ಮಾತ್ರ ಎರಡಿಂಚು ಇಳಿದಿದೆ, ಮೂವತ್ತೆಂಟು!"

"ತೂಕ ಏರಿ ಸೊಂಟ ಇಳಿಯೋದು ನಾನು ನೋಡೇ ಇಲ್ಲ" ಎಂದು ಅವರು ಡ್ರಾಯರಿನಿಂದ ತಮ್ಮ ಟೇಪು ತೆಗೆದು ಅವನ ಹೊಕ್ಕುಳಿನ ಮಟ್ಟಕ್ಕೆ ಸುತ್ತಿದರು. ನಲವತ್ತೆರಡು.

"ನಿಮ್ಮ ಟೇಪು ಸರಿಯಿಲ್ಲ ಡಾಕ್ಟರಮ್ಮ" ಎಂದ ಟೈಲರ್. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಆಸ್ಪತ್ರೆ ಟೇಪು ತೊಳೆದು ತೊಳೆದು ಕುಗ್ಗಿರುತ್ತೆ. ಕಸುಬಿನವನ ಟೇಪು ನೋಡಿ ಇಲ್ಲಿ" ಎಂದು ಕೊರಳಿನ ಟೇಪು ಎಳೆದು ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಹಾಸಿದ. ತುದಿಯಿಂದ ತುದಿಗೆ ಗೆರೆಗೆ ಗೆರೆ ಕೂಡಿತು. ಆಗ ಅವನು ಅಪ್ಪನ ಕಟ್ಟಪ್ಪಣೆ ಮುರಿದ. ತನ್ನ ಟೇಪನ್ನು ತನ್ನ ಹೊಟ್ಟೆಗೆ ತಾನೇ ಸುತ್ತಿಕೊಂಡು, ಕತ್ತು ಬಗ್ಗಿಸಿ ನೋಡಿದ. ಹೊಟ್ಟೆ ಒಂಚೂರೂ ಒಳಕ್ಕೆ ಸರಿದು ಸಹಾಯ ಮಾಡಲಿಲ್ಲ. ನಲವತ್ತೆರಡೇ ಇತ್ತು.

ಡಾಕ್ಟರಮ್ಮ ಹೆಂಡತಿಯ ಕಡೆ ತಿರುಗಿದರು. "ಮನೇಲಿ ಅಳೆದವರು ನೀವು ತಾನೇ? ಎಷ್ಟು ಬಂದಿತ್ತಮ್ಮ?"

"ನಲವತ್ತೆರಡು, ಡಾಕ್ಟರಮ್ಮ."

"ಮೂವತ್ತೆಂಟು ಅಂದ್ಯಲ್ಲೇ ನೀನು!" ಎಂದು ಟೈಲರ್ ಕಿರುಚಿದ.

"ಅಂಗಡಿ ತುಂಬ ಜನ ಇದ್ರು ರೀ. ಮರ್ಯಾದೆ ಹಾಕಿ ಕೂಗಿದೆ. ನೀವು ಕೂಡಿಸ್ಕೋತೀರ ಅಂದ್ಕೊಂಡೆ."

"ಮರ್ಯಾದೆ ಎರಡೇ ಅಲ್ವೇನೇ! ಇನ್ನೆರಡು ಎಲ್ಲಿಂದ ಬಂತು?"

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಎರಡು ಯಾವಾಗಲೂ ಹಾಕೋದು. ಇನ್ನೆರಡು ನಿಮ್ಮ ಮುಖ ನೋಡಿ ಹಾಕಿದೆ."

ಡಾಕ್ಟರಮ್ಮನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಇಬ್ಬರೂ ಒಟ್ಟಿಗೇ ಮಾತಾಡಿ, ಕೈಬಾಯಿ ಆಡಿಸಿ, ಅಪ್ಪನ ಕಾಲದಿಂದ ಹೆಡ್‌ಮಾಸ್ಟರ ತನಕ ಎಲ್ಲ ವಿವರಿಸಿದ ಮೇಲೆ ಅವರು ಕನ್ನಡಕ ತೆಗೆದಿಟ್ಟು ಕಣ್ಣೀರು ಬರುವ ಹಾಗೆ ನಕ್ಕರು. ಹೊರಗೆ ಕಾದು ಕೂತವರು ಬಾಗಿಲ ಸಂದಿಯಲ್ಲಿ ಇಣುಕಿದರು. ನಕ್ಕು ನಕ್ಕು ಸಾಕಾದ ಮೇಲೆ ಅವರು ಕನ್ನಡಕ ಹಾಕಿಕೊಂಡು, ರಕ್ತದ ರಿಪೋರ್ಟನ್ನು ಟೈಲರ್‌ನ ಕಡೆ ತಿರುಗಿಸಿದರು. ಕೆಟ್ಟ ಕೊಬ್ಬು ಏರಿತ್ತು, ಬಿಪಿಯೂ ಏರಿತ್ತು. "ನಿಮ್ಮ ರಕ್ತನಾಳಕ್ಕೆ ಮರ್ಯಾದೆ ಲೆಕ್ಕ ಗೊತ್ತಿಲ್ಲ. ಅದು ನಲವತ್ತೆರಡನ್ನ ನಲವತ್ತೆರಡು ಅಂತಾನೇ ಓದುತ್ತೆ. ಇವತ್ತಿಂದ ಮಾತ್ರೆ ಶುರು ಮಾಡೋಣ. ಮಾತ್ರೆ ಇದೆ ಅಂತ ಬನ್ನು ಬೇಡ" ಎಂದರು.

ದಾರಿಯುದ್ದಕ್ಕೂ ಗಂಡ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ಮುಖ ನೋಡಿ ಹಾಕಿದೆ" ಎಂದು ಅವನು ಅವಳ ದನಿಯಲ್ಲೇ ಅಣಕಿಸಿದ. "ಎಲುಬಿಗೆ ಬಲ ಬಂದಿದೆ" ಎಂದು ಅವಳು ಅಣಕಿಸಿದಳು. ತಮ್ಮ ಬೀದಿಯ ತಿರುವಿಗೆ ಬರುವ ಹೊತ್ತಿಗೆ ಅವಳು ನಗುತ್ತಿಲ್ಲ, ಅಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು.

"ಮಾವನಿಗೂ ನೀವು ಹಾಗೇ ಮಾಡ್ತಿದ್ರಿ" ಎಂದಳು. "ಬಾಯಲ್ಲಿ ಮೂವತ್ತೆಂಟು ಅಂತ ಕೂಗಿ, ಬೆನ್ನ ಹಿಂದೆ ನನಗೆ ಆರು ಬೆರಳು ತೋರಿಸ್ತಿದ್ರಿ. ನಾನು ನಲವತ್ತನಾಲ್ಕಕ್ಕೆ ಕತ್ತರಿಸ್ತಿದ್ದೆ. ಮಾವ ಕನ್ನಡಿ ಮುಂದೆ ನಿಂತು ಎಷ್ಟು ಹಿಗ್ಗುತ್ತಿದ್ರು! ನಾವಿಬ್ರೂ ಹಿಂದೆ ನಿಂತು ಬಾಯಿ ಮುಚ್ಕೊಂಡು ನಗ್ತಿದ್ವಿ. ಖುಷಿಯಾಗೇ ಹೋದ್ರು ರೀ ಅವರು. ನನಗೆ ಖುಷಿಯಾಗಿ ಹೋಗೋ ಗಂಡ ಬೇಡ. ಇರೋ ಗಂಡ ಬೇಕು."

ಟೈಲರ್ ಬೀದಿಯ ಮಧ್ಯದಲ್ಲೇ ಅವಳ ಕೈ ಹಿಡಿದುಕೊಂಡ.

ಮರುದಿನದಿಂದ ಅವನಿಗೆ ಸತ್ಯದ ಹುಚ್ಚು ಹತ್ತಿತು. ತನ್ನ ಸೊಂಟದ ಸತ್ಯ ಮಾತ್ರ ಸಾಲದು, ಊರಿನ ಸೊಂಟವೆಲ್ಲ ಬಯಲಾಗಬೇಕು, ಎಲ್ಲರ ಹೃದಯವೂ ಉಳಿಯಬೇಕು! ಹೆಡ್‌ಮಾಸ್ಟರು ಹೊಸ ಪ್ಯಾಂಟಿಗೆ ಕೈ ಎತ್ತಿ ನಿಂತರು. "ಸೊಂಟ ನಲವತ್ತು!" ಎಂದು ಟೈಲರ್ ಗುಡುಗಿದ. ಹೆಡ್‌ಮಾಸ್ಟರು ತಮ್ಮ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದರು. ಆಮೇಲೆ ಬಟ್ಟೆಯ ಗಂಟು ಬಗಲಿಗೆ ಹಾಕಿಕೊಂಡು ಹೊರಟುಹೋದರು. ಮದುವೆ ಸೂಟಿನ ಗುಂಪಿನಲ್ಲಿ ಮದುಮಗನ ಸೋದರಮಾವ ತನ್ನ ನಂಬರು ಕೇಳಿ ಸ್ಟೂಲಿನ ಮೇಲೆ ಕುಸಿದ. ವಾರ ಕಳೆಯುವುದರೊಳಗೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ ಮಾತ್ರ ಉಳಿಯಿತು. ಟೈಲರ್‌ನ ಟೇಪು ಸವೆದು ಗಿಡ್ಡವಾಗಿ ಎಲ್ಲರದೂ ಜಾಸ್ತಿ ತೋರಿಸುತ್ತಿದೆ ಎಂದು ಬೀದಿಯವರು ತೀರ್ಮಾನಿಸಿದರು. ಹೆಡ್‌ಮಾಸ್ಟರಂತೂ ದೊಡ್ಡ ಮನಸ್ಸು ಮಾಡಿ ಒಂದು ಹೊಸ ಟೇಪು ಕಳಿಸಿಕೊಟ್ಟರು.

ಬೇಕರಿ ಭಾವನ ಜೊತೆಗಿನ ಜಗಳ ಮಾತ್ರ ನಗುವಂಥದ್ದಾಗಿರಲಿಲ್ಲ. ಠಣ್ ಠಣ್ ಎಂದು ಬಂದ ಬನ್ನನ್ನು ಟೈಲರ್ ಕಿಂಡಿಯಿಂದ ವಾಪಸ್ಸು ತಳ್ಳಿದ. "ಇದರಿಂದಲೇ ನನ್ನ ಲಿವರ್ ತುಂಬಿದ್ದು, ಹೃದಯಕ್ಕೆ ಕುತ್ತು ಬಂದಿದ್ದು. ನಿಮಗೂ ಒಳ್ಳೇದಲ್ಲ ಭಾವ. ಬನ್ನಿ, ನಿಮ್ಮ ಸೊಂಟಾನೂ ಒಂದ್ಸಲ ನೋಡಿಬಿಡ್ತೀನಿ" ಎಂದ.

"ನನ್ನ ಬನ್ನು ವಿಷವಾ?" ಎಂದ ಬೇಕರಿ ಭಾವ. ಅವನ ದೊಡ್ಡ ಮುಖ ಸಣ್ಣದಾಯಿತು. "ಇಷ್ಟು ವರ್ಷ ವಿಷ ಕೊಟ್ನಾ ನಾನು?" ಒಂದು ತಗಡಿನ ತಟ್ಟೆ ಆ ಕಡೆಯಿಂದ ಕಿಂಡಿಗೆ ಅಡ್ಡವಾಗಿ ಬಂದು ನಿಂತಿತು.

ಆಗ ಹೆಂಡತಿ ಕತ್ತರಿ ಕೆಳಗಿಟ್ಟು ತೀರ್ಪು ಕೊಟ್ಟಳು. "ರೀ, ಸತ್ಯಾನ ಬೀದಿಗೆ ಕೂಗಿದ್ರೆ ಯಾರೂ ತೆಳ್ಳಗಾಗಲ್ಲ, ಸಿಟ್ಟಾಗ್ತಾರೆ ಅಷ್ಟೇ. ಅಂಗಡೀಲಿ ಮರ್ಯಾದೆ ಎಂದಿನ ಹಾಗೇ ಇರಲಿ. ನಿಜ ಬೇಕಾದೋರು ಪರದೆ ಒಳಗೆ ಬಂದು ಕೇಳಲಿ, ಕಿವೀಲಿ ಹೇಳೋಣ." ಹಾಗೆ ಕೇಳುವವರು ಯಾರೂ ಬರಲಿಲ್ಲ. ಗಿರಾಕಿಗಳು ಮಾತ್ರ ಒಬ್ಬೊಬ್ಬರೇ ವಾಪಸ್ಸು ಬಂದರು. "ಹೊಸ ಟೇಪು ಚೆನ್ನಾಗಿದೆ" ಎಂದರು ಹೆಡ್‌ಮಾಸ್ಟರು, ತಮ್ಮ ಮೂವತ್ತೆಂಟನ್ನು ಕೇಳಿಸಿಕೊಂಡು.

ವಾಕಿಂಗಿಗೆ ಈಗ ಹೆಂಡತಿಯೂ ಬಂದಳು, ಆದ್ದರಿಂದ ಅದು ಮೈದಾನ ಮುಟ್ಟಿತು. ಮೊದಲು ಅವಳು ಮುಂದೆ, ಇವನು ಏದುಸಿರು ಬಿಡುತ್ತ ಹಿಂದೆ. ಬರಬರುತ್ತ ಅವಳ ಪಕ್ಕಕ್ಕೆ ಬಂದ. ಒಂದು ದಿನ ಅವಳನ್ನು ಹಿಂದೆ ಹಾಕಿ, ತಿರುಗಿ ನಿಂತು ಅವಳ ಮುಂದೆ ಕುಣಿದೇಬಿಟ್ಟ, ಮೈದಾನದ ನಾಯಿಗಳು ಗಾಬರಿಯಿಂದ ಬೊಗಳಿದವು. ಸಕ್ಕರೆ ಇಲ್ಲದ ಟೀಗೆ ಮೊದಮೊದಲು ಅವನು ಮಾಡುತ್ತಿದ್ದ ಮುಖ ನೋಡಲು ಬೀಗ ರಿಪೇರಿಯವನು ಕೆಲಸ ಬಿಟ್ಟು ಬರುತ್ತಿದ್ದ. ಊಟದಲ್ಲಿ ತರಕಾರಿ ಜಾಸ್ತಿಯಾಯಿತು, ಇಸ್ತ್ರಿ, ಕಾಜಾ, ಗುಂಡಿಯ ಕೆಲಸವನ್ನೆಲ್ಲ ನಿಂತೇ ಮಾಡಿದ. ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ಪ್ಯಾಂಟು ಸಡಿಲವಾಗುತ್ತ ಬಂದರೂ ಒಳಗೆ ಹಿಡಿಯಲು ಬಿಡಲಿಲ್ಲ. ಎಲ್ಲಿ ದೃಷ್ಟಿಯಾಗಿಬಿಡುತ್ತದೋ ಎಂದು ಹೆದರಿ ಬೆಲ್ಟಿಗೆ ಹೊಸ ತೂತು ಹಾಕಿಕೊಂಡು ಓಡಾಡಿದ. ತಿಂಗಳು ತಿಂಗಳು ಸೊಂಟ ಅಳೆಯೋಣವೆಂದರೂ ಬೇಡ ಎಂದ. ಅವನಿಗೆ ಈಗ ಯಾವ ನಂಬರಿನ ಮೇಲೂ ನಂಬಿಕೆ ಇರಲಿಲ್ಲ.

ಕಿಂಡಿ ಮುಚ್ಚಿಯೇ ಇತ್ತು. ಇದೊಂದು ಅವನಿಗೆ ನುಂಗಲಾರದ ತುತ್ತಾಗಿತ್ತು. ಬನ್ನು ಬೇಡ, ಆ ಮುಖವಾದರೂ ಬೇಕಿತ್ತು. ಅತ್ತ ಕಡೆಯಿಂದ ಒಲೆಯ ತಟ್ಟೆಗಳ ಸದ್ದು ಕೇಳುತ್ತಿತ್ತು, ನಡುನಡುವೆ ಮೆಟ್ಟಿಲು ಹತ್ತುವಾಗ ಭಾವ ಬಿಡುವ ಏದುಸಿರೂ ಕೇಳುತ್ತಿತ್ತು. ಆ ಏದುಸಿರು ಕೇಳಿದಾಗಲೆಲ್ಲ ಟೈಲರ್‌ನ ಕಾಲು ಮೆಷಿನ್ನಿನ ಮೇಲೆ ನಿಂತುಹೋಗುತ್ತಿತ್ತು.

ಅಪ್ಪ ಹೋದ ವಯಸ್ಸು ಅವನಿಗೆ ತುಂಬಿದ ವಾರದಲ್ಲೇ ಡಾಕ್ಟರಮ್ಮ ಇನ್ನೊಂದು ಸ್ಕ್ಯಾನ್ ಮಾಡಿಸಿದರು. ಟೈಲರ್ ಈ ಸಲ 'ಆದರೆ'ಗೂ ಕಾದು ಕೂತ. ಆದರೆ ಬರಲಿಲ್ಲ. ಲಿವರಿನ ಕೊಬ್ಬು ಬಹಳ ಮಟ್ಟಿಗೆ ಇಳಿದಿತ್ತು, ರಕ್ತದ ಕೊಬ್ಬೂ ಇಳಿದಿತ್ತು, ಬಿಪಿ ಹದದಲ್ಲಿತ್ತು. "ಹೃದಯಕ್ಕೆ ಇದ್ದ ಅಪಾಯ ಪೂರ್ತಿ ಹೋಯ್ತು ಅಂತ ಹೇಳಲ್ಲ" ಎಂದರು ಡಾಕ್ಟರಮ್ಮ, "ಆದ್ರೆ ತುಂಬಾ ಕಡಿಮೆಯಾಗಿದೆ. ಹೀಗೇ ನಡೀತಾ ಇರಿ." ಸೊಂಟ ಎಷ್ಟು ಎಂದು ಟೈಲರ್ ಕೇಳಿದ್ದಕ್ಕೆ ಅವರು ಟೇಪು ಮುಟ್ಟಲಿಲ್ಲ. "ಅದನ್ನ ನಿಮ್ಮ ಮನೆಯವರ ಬಾಯಿಂದಲೇ ಕೇಳಿ" ಎಂದು ನಕ್ಕರು.

ಅಂಗಡಿಯಲ್ಲಿ ಅವತ್ತೂ ಜನವಿತ್ತು. ಟೈಲರ್ ಹೆಂಡತಿಯನ್ನು ಹಸಿರು ಪರದೆಯ ಒಳಗೆ ಎಳೆದುಕೊಂಡು ಹೋದ, ಬೆಲ್ಟು ಬಿಚ್ಚಿದ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತ. ಅವಳು ಟೇಪು ಸುತ್ತಿ, ಬಗ್ಗಿ ನಂಬರು ಓದಿದಳು.

"ಮೂವತ್ತೇಳು" ಎಂದಳು ಮೆಲ್ಲಗೆ.

ಅವನು ಕಣ್ಣು ಮುಚ್ಚಿಕೊಂಡೇ ಎರಡು ಕೂಡಿ, "ಮೂವತ್ತೊಂಬತ್ತು. ಪರವಾಗಿಲ್ಲ ಬಿಡು" ಎಂದ.

"ಏನೂ ಕೂಡಬೇಡಿ ರೀ. ಮೂವತ್ತೇಳು ಅಂದ್ರೆ ಮೂವತ್ತೇಳೇ."

"ನನ್ನ ಮುಖ ನೋಡಿ ಹೇಳ್ತಿದೀಯಾ?"

"ಟೇಪು ನೋಡಿ ಹೇಳ್ತಿದೀನಿ!"

"ಕತ್ತರಿ ಮೇಲೆ ಆಣೆ ಮಾಡು."

"ಕತ್ತರಿ ಆಣೆಗೂ!" ಎಂದು ಅವಳು ಅಳುತ್ತಲೇ ನಕ್ಕಳು. ಅವಳ ಕಣ್ಣು ನೋಡಿದಾಗ ಅವನಿಗೆ ನಂಬಿಕೆ ಬಂತು. ನಂಬಿಕೆ ಬಂದದ್ದೇ ತಡ, ಪರದೆ ಸರಿಸಿ ಹೊರಗೆ ಹಾರಿ, ಎರಡೂ ಕೈ ಸೂರಿಗೆ ಎತ್ತಿ "ಮೂವತ್ತೇಳು! ಮರ್ಯಾದೆ ಇಲ್ಲದ ಮೂವತ್ತೇಳು!" ಎಂದು ಕೂಗಿದ.

ಎರಡೂ ಕೈ ಎತ್ತಿದ್ದು ತಪ್ಪಾಯಿತು. ನಲವತ್ತೆರಡಕ್ಕೆ ಕತ್ತರಿಸಿದ ಪ್ಯಾಂಟು ಒಂದು ಕ್ಷಣ ಯೋಚನೆ ಮಾಡಿ, ಆಮೇಲೆ ಸರಸರನೆ ಇಳಿದು ಪಾದಗಳ ಸುತ್ತ ಕೂತಿತು. ಹೆಡ್‌ಮಾಸ್ಟರು ನಕ್ಕು ನಕ್ಕು ಕನ್ನಡಿ ಹಿಡಿದುಕೊಂಡರು. ಬೀಗ ರಿಪೇರಿಯವನು ಓಡಿಬಂದ. ಟೈಲರ್ ಪ್ಯಾಂಟು ಮೇಲೆತ್ತಿಕೊಳ್ಳುವುದನ್ನೂ ಮರೆತು, ಅದೇ ವೇಷದಲ್ಲಿ ಒಬ್ಬೊಬ್ಬರ ಕೈಯನ್ನೂ ಕುಲುಕಿದ. ಅಂಥ ನಗು ಆ ಅಂಗಡಿಯಲ್ಲಿ ಹಿಂದೆ ಯಾವತ್ತೂ ಎದ್ದಿರಲಿಲ್ಲ.

ಅಷ್ಟರಲ್ಲಿ ಕರ್ ಎಂದು ತಗಡು ಸರಿದ ಸದ್ದು ಕೇಳಿತು. ಕಿಂಡಿಯಲ್ಲಿ ಬೇಕರಿ ಭಾವನ ಮುಖ. ಬೆವತಿತ್ತು, ಹುಬ್ಬಿಗೆ ಮೈದಾಹಿಟ್ಟು ಹತ್ತಿತ್ತು. ಅವನು ಟೈಲರ್‌ನನ್ನು ಮೇಲಿಂದ ಕೆಳಗಿನ ತನಕ ನೋಡಿದ, ಪಾದದ ಹತ್ತಿರ ಬಿದ್ದ ಪ್ಯಾಂಟನ್ನು ನೋಡಿದ. ನಗಲಿಲ್ಲ. ಆ ಮುಖ ಕಂಡು ಎಲ್ಲರ ನಗುವೂ ತಣ್ಣಗಾಯಿತು.

"ತಂಗೀ" ಎಂದ. "ನನ್ನದೆಷ್ಟಮ್ಮ?"

ಅವಳು ಅಭ್ಯಾಸಬಲದಿಂದ ಬಾಯಿ ತೆರೆದಳು. "ನಿನ್ನದು ನಲವತ್ತನಾಲ್ಕಲ್ವಾ ಅಣ್ಣ..."

"ಕೂಗೋ ನಂಬರು ಬೇಡ ತಂಗಿ" ಎಂದ ಬೇಕರಿ ಭಾವ. "ನೀನು ಕತ್ತರಿಸೋ ನಂಬರು ಹೇಳು."

ಗುಟ್ಟು ತಮ್ಮಿಬ್ಬರಿಗೇ ಗೊತ್ತು ಎಂದುಕೊಂಡಿದ್ದ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹೆಡ್‌ಮಾಸ್ಟರು ತಲೆ ತಗ್ಗಿಸಿ ತಮ್ಮ ಕೋಟಿನ ಗುಂಡಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದರು. ಅವಳು ಗಂಡನ ಕೊರಳಿಂದ ಟೇಪು ತೆಗೆದುಕೊಂಡಳು, ಅಂಗಡಿಯಿಂದ ಹೊರಗಿಳಿದು ಬೇಕರಿಗೆ ಹೋದಳು. ಕಿಂಡಿಯ ಆ ಕಡೆ ಅಣ್ಣ ಎರಡೂ ಕೈ ಎತ್ತಿ ನಿಂತದ್ದು ಕಂಡಿತು. ತಂಗಿಯ ತೋಳು ಅವನ ಸುತ್ತ ಪೂರ್ತಿ ಬರಲಿಲ್ಲ, ಟೇಪನ್ನು ಆ ಕೈಯಿಂದ ಈ ಕೈಗೆ ದಾಟಿಸಿ ಸುತ್ತಿದಳು. ನೋಡಿದಳು. ಹಿಮ್ಮಡಿ ಎತ್ತಿ ಅವನ ಕಿವಿಯಲ್ಲಿ ಹೇಳಿದಳು. ಆ ನಂಬರು ಏನೆಂದು ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ನಾನೂ ಹೇಳುವುದಿಲ್ಲ.

ಬೇಕರಿ ಭಾವ ಹಿಟ್ಟಿನ ಮೂಟೆಯ ಮೇಲೆ ನಿಧಾನಕ್ಕೆ ಕೂತ. ಆಮೇಲೆ ಎದ್ದು ಕಿಂಡಿಗೆ ಮುಖ ತಂದ.

"ಭಾವ" ಎಂದ, "ಮೊದಲು ಆ ಪ್ಯಾಂಟು ಎತ್ಕೊಳ್ಳಿ. ಬೆಳಿಗ್ಗೆ ಮೈದಾನಕ್ಕೆ ಹೋಗೋವಾಗ ನನ್ನ ಬಾಗಿಲೂ ತಟ್ಟಿ."